ಮನಸ್ಸಿನ ಕಾಯಿಲೆ ಅಂದು ಇರಲಿಲ್ಲವೇ?

(ಆರೋಗ್ಯ ಮಾತೆಯ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)

ವಾಚನಗಳು: ಮೀಕ 5:1-4, ಮತ್ತಾಯ 1:1-23



ಆಗಸ್ಟ್ 29ರಂದು ಧ್ವಜ ಏರಿಸಿದ ದಿನದಿಂದ ನಾವು ಭಕ್ತಿಯಿಂದ ನೊವೇನ ಪ್ರಾರ್ಥನೆ ನಡೆಸಿಕೊಂಡು ಬಂದಿದ್ದೇವೆ. ಇಂದು ಮಾತೆ ಮರಿಯಮ್ಮನವರ ಜನನದ ಹಬ್ಬ. ವೇಳಾಂಕಣ್ಣಿಯಲ್ಲೂ, ಬೆಂಗಳೂರಿನ ಶಿವಾಜಿನಗರದ ಬೆಸಿಲಿಕದಲ್ಲೂ, ನಮ್ಮ ಊರಿನಂಥ ಅನೇಕ ಧರ್ಮಕೇಂದ್ರಗಳಲ್ಲೂ ಭಕ್ತರು ಇದೇ ದಿನ ಆಕೆಯನ್ನು ಆರೋಗ್ಯ ಮಾತೆ ಎಂದು ಕರೆದು ಕೈಮುಗಿಯುತ್ತಾರೆ. ಹರಕೆ ಹೊತ್ತವರು ಕಾವಿ ಬಟ್ಟೆ ಉಟ್ಟು ಬರುತ್ತಾರೆ. ವಾಸಿಯಾದವರು ಮೇಣದ ಬತ್ತಿ ಹಚ್ಚುತ್ತಾರೆ.

ನೊವೇನದ ಕಾಲದಲ್ಲಿ ಬಿನ್ನಹದ ಪೆಟ್ಟಿಗೆಗೆ ಬೀಳುವ ಚೀಟಿಗಳಲ್ಲಿ ಮಂಡಿನೋವು, ಸಕ್ಕರೆ ಕಾಯಿಲೆ, ಕ್ಯಾನ್ಸರ್, ಹೃದಯದ ಆಪರೇಷನ್ ಎಲ್ಲವೂ ಇರುತ್ತವೆ. ಆದರೆ ಮನಸ್ಸಿನ ಕಾಯಿಲೆ ಎಂಬ ಮಾತು ಸಾಮಾನ್ಯವಾಗಿ ಕಾಣುವುದಿಲ್ಲ. ಅದರ ಬದಲು, "ಮಗನಿಗೆ ಒಳ್ಳೆಯ ಬುದ್ಧಿ ಕೊಡು ತಾಯಿ", "ರಾತ್ರಿ ನಿದ್ದೆ ಬರುವುದಿಲ್ಲ", "ಮನೆಗೆ ಯಾರೋ ಏನೋ ಮಾಡಿಸಿದ್ದಾರೆ" ಎಂದು ಬರೆದಿರುತ್ತಾರೆ. ಕಾಯಿಲೆ ಇದೆ, ಹೆಸರು ಮಾತ್ರ ಇಲ್ಲ.

ಇನ್ನೊಂದು ಕಡೆ, ಹಿರಿಯರು ಹೇಳುವ ಮಾತು ಹೀಗಿದೆ: "ಫಾದರ್, ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಹೊಟ್ಟೆಗಿರಲಿಲ್ಲ, ಬಟ್ಟೆಗಿರಲಿಲ್ಲ, ಮನಸ್ಸಿಗೆ ನೆಮ್ಮದಿ ಇತ್ತು. ಈಗಿನ ಮಕ್ಕಳಿಗೆ ಎಲ್ಲ ಇದೆ, ಆದರೂ ಡಿಪ್ರೆಶನ್ ಅಂತಾರೆ." ಇದು ನಿಜವೇ? ಆರೋಗ್ಯ ಮಾತೆಯ ಹಬ್ಬದಂದು ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ. ಏಕೆಂದರೆ ನಾವು ಏನು ನಂಬುತ್ತೇವೋ ಹಾಗೆಯೇ ನಡೆದುಕೊಳ್ಳುತ್ತೇವೆ. ಇದು ಈ ಕಾಲದ ಹೊಸ ಶೋಕಿ ಎಂದು ನಂಬಿದರೆ ಮಕ್ಕಳನ್ನು ಗದರಿಸುತ್ತೇವೆ. ಪ್ರಾರ್ಥನೆ ಕಡಿಮೆಯಾದದ್ದರ ಫಲ ಎಂದು ನಂಬಿದರೆ ಮಾತ್ರೆ ಬಿಡಿಸಿ ಜಪಸರ ಕೊಡುತ್ತೇವೆ. ಎರಡರಲ್ಲೂ ಒಂದು ಜೀವ ಅಪಾಯಕ್ಕೆ ಸಿಲುಕುತ್ತದೆ.

ಪವಿತ್ರ ಗ್ರಂಥ ಏನು ಹೇಳುತ್ತದೆ?

ಮೊದಲು ಬೈಬಲನ್ನೇ ತೆರೆಯೋಣ. ಸಮುವೇಲನ ಮೊದಲನೆಯ ಗ್ರಂಥದಲ್ಲಿ ಸೌಲ ಅರಸ ಒಳಗೊಳಗೇ ಕುಸಿದುಹೋಗುತ್ತಾನೆ. ಆತನನ್ನು ಸಮಾಧಾನಪಡಿಸಲು ದಾವೀದ ಕಿನ್ನರಿ ನುಡಿಸಬೇಕಾಗುತ್ತದೆ. ಮುಂದೆ ಅದೇ ದಾವೀದ ಗತ್ ಊರಿನ ಅರಸ ಆಕೀಷನ ಮುಂದೆ ಜೀವ ಉಳಿಸಿಕೊಳ್ಳಲು ಹುಚ್ಚನಂತೆ ನಟಿಸುತ್ತಾನೆ. ಬಾಗಿಲ ಮೇಲೆ ಗೀಚುತ್ತಾನೆ, ಗಡ್ಡದ ಮೇಲೆ ಜೊಲ್ಲು ಸುರಿಸಿಕೊಳ್ಳುತ್ತಾನೆ. ಆಗ ಆಕೀಷ ಸಿಟ್ಟಿನಿಂದ, ನನ್ನಲ್ಲಿ ಹುಚ್ಚರಿಗೆ ಬರಗಾಲವೇ, ಇವನನ್ನೂ ಏಕೆ ಕರೆತಂದಿರಿ ಎಂಬರ್ಥದಲ್ಲಿ ಸೇವಕರನ್ನು ಕೇಳುತ್ತಾನೆ. ಮೂರು ಸಾವಿರ ವರ್ಷಗಳ ಹಿಂದಿನ ಕಥೆ ಇದು. ಅಂದು ಹುಚ್ಚು ಜನರಿಗೆ ಅಪರಿಚಿತವಾಗಿದ್ದರೆ ದಾವೀದನ ನಟನೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಪ್ರವಾದಿ ಎಲೀಯನನ್ನು ನೆನೆಯಿರಿ. ಕಾರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಮಹಾಪುರುಷ. ಕೆಲವೇ ದಿನಗಳಲ್ಲಿ ಮರುಭೂಮಿಯ ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವರು ಆತನಿಗೆ ಬೈದರೇ? ವಿಶ್ವಾಸ ಕಡಿಮೆಯಾಯಿತು ಎಂದರೇ? ಇಲ್ಲ. ದೂತನನ್ನು ಕಳುಹಿಸಿ ರೊಟ್ಟಿ, ನೀರು ಕೊಟ್ಟರು, ಮಲಗಲು ಬಿಟ್ಟರು. ಎದ್ದ ಮೇಲೆ ಮತ್ತೊಮ್ಮೆ ಊಟ ಕೊಟ್ಟರು. ಉಪದೇಶ ಆಮೇಲೆ ಬಂತು.

ನಮ್ಮ ಊರುಗಳಲ್ಲಿ ಇರಲಿಲ್ಲವೇ?

ಇನ್ನು ನಮ್ಮ ನಾಡಿಗೆ ಬರೋಣ. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬ ಗಾದೆ ನಿಮಗೆಲ್ಲ ಗೊತ್ತು. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನು ಸುಡುತ್ತದೆ ಎಂಬ ಮಾತೂ ಹಳೆಯದೇ. ಇಲ್ಲದ ಕಾಯಿಲೆಗೆ ಜನ ಗಾದೆ ಕಟ್ಟುತ್ತಾರೆಯೇ?

ಆ ಕಾಲದಲ್ಲಿ ಹೆಸರುಗಳು ಬೇರೆ ಇದ್ದವು. ಗಾಳಿ ಸೋಕಿದೆ ಎನ್ನುತ್ತಿದ್ದರು. ಮಾಟ ಮಾಡಿಸಿದ್ದಾರೆ, ದೆವ್ವ ಹಿಡಿದಿದೆ, ಮೈಮೇಲೆ ಬಂದಿದೆ ಎನ್ನುತ್ತಿದ್ದರು. ಯಾರೊಂದಿಗೂ ಮಾತಾಡದೆ ಹಿತ್ತಲ ಕೋಣೆಯಲ್ಲಿ ಬದುಕು ಕಳೆದ ಅತ್ತೆ, ಒಂದು ದಿನ ಮನೆ ಬಿಟ್ಟುಹೋಗಿ ಮತ್ತೆ ಬಾರದ ಚಿಕ್ಕಪ್ಪ, ಹೆರಿಗೆಯಾದ ಮೇಲೆ ಮಗುವನ್ನು ಮುಟ್ಟದೆ ಗೋಡೆ ನೋಡುತ್ತಾ ಕುಳಿತ ಸೊಸೆ, ಇವರೆಲ್ಲ ನಮ್ಮ ಹಳೆಯ ಮನೆಗಳಲ್ಲೂ ಇದ್ದರು. ಹೆಣ್ಣು ನೋಡಲು ಬಂದವರಿಗೆ ಕಾಣದಂತೆ ಅವರನ್ನು ಒಳಗೆ ಕೂರಿಸಿದ ಮನೆಗಳೂ ಇದ್ದವು.

ಉಡುಪಿ ಬಳಿಯ ಕೋಟ ಗ್ರಾಮದಲ್ಲಿ ಕಾರ್‌ಸ್ಟೇರ್ಸ್ ಮತ್ತು ಕಪೂರ್ ಎಂಬ ಇಬ್ಬರು ಮನೋವೈದ್ಯರು ಮನೆಮನೆ ವಿಚಾರಿಸಿ ಅಧ್ಯಯನ ನಡೆಸಿ, 1976ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದರು. ಗದ್ದೆ, ಸಮುದ್ರ, ದೇವಸ್ಥಾನ ಇರುವ ಹಳೆಯ ಊರು. ಟಿವಿಯೂ ಇಲ್ಲ, ಮೊಬೈಲೂ ಇಲ್ಲ. ಅಲ್ಲಿಯೂ ಮನಸ್ಸಿನ ನೋವು ಅನುಭವಿಸುತ್ತಿದ್ದವರು ಸಾಕಷ್ಟು ಮಂದಿ ಕಂಡುಬಂದರು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ದೊರೆಯುವಂತೆ ಮಾಡಿತು. ಹಳ್ಳಿಗಳಲ್ಲಿ ಕಾಯಿಲೆ ಇತ್ತು, ಔಷಧಿ ತಲುಪಿರಲಿಲ್ಲ ಅಷ್ಟೆ.

ಲೆಕ್ಕ ಏನು ಹೇಳುತ್ತದೆ?

ಹಾಗಾದರೆ ಕಾಯಿಲೆ ಹೆಚ್ಚಿದೆಯೇ, ಇಲ್ಲವೇ? ಪಶ್ಚಿಮ ಬಂಗಾಳದ ಎರಡು ಹಳ್ಳಿಗಳಲ್ಲಿ 1972ರಲ್ಲಿ ವೈದ್ಯರು ಸಮೀಕ್ಷೆ ಮಾಡಿದರು. 20 ವರ್ಷಗಳ ನಂತರ, 1992ರಲ್ಲಿ, ಅದೇ ಹಳ್ಳಿಗಳಿಗೆ ಮತ್ತೆ ಹೋದರು. ಮೊದಲ ಸಲ ಸಾವಿರ ಮಂದಿಗೆ ಸುಮಾರು 117 ಜನರಲ್ಲಿ ಮಾನಸಿಕ ತೊಂದರೆ ಕಂಡಿತ್ತು, ಎರಡನೆಯ ಸಲ ಸುಮಾರು 105. ಒಟ್ಟು ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಕಾಯಿಲೆಯ ರೂಪ ಬದಲಾಗಿತ್ತು. ಹಿಸ್ಟೀರಿಯಾ, ಅತಿಯಾದ ಭಯ ಇಂಥವು ಬಹಳ ಇಳಿದಿದ್ದವು, ಖಿನ್ನತೆ ಏರಿತ್ತು. ಹಿಸ್ಟೀರಿಯಾದಲ್ಲಿ ನೋವು ಮೈಯಲ್ಲಿ ಕಾಣಿಸಿಕೊಂಡು ಊರಿಗೆಲ್ಲ ಗೊತ್ತಾಗುತ್ತದೆ. ಖಿನ್ನತೆಯಲ್ಲಿ ಅದು ಬಾಗಿಲು ಹಾಕಿಕೊಂಡು ಒಳಗೇ ಕೂರುತ್ತದೆ.

ಇಡೀ ಜಗತ್ತಿನ ಲೆಕ್ಕವೂ ಹೆಚ್ಚು ಕಡಿಮೆ ಹೀಗೆಯೇ ಇದೆ. ಒಂದು ಜಾಗತಿಕ ಅಂದಾಜಿನಂತೆ 1990ರಲ್ಲಿ ಸುಮಾರು 65 ಕೋಟಿ ಜನರಿಗೆ ಮಾನಸಿಕ ಕಾಯಿಲೆ ಇತ್ತು. 2019ರಲ್ಲಿ ಆ ಸಂಖ್ಯೆ ಸುಮಾರು 97 ಕೋಟಿ. ಕೇಳಿದರೆ ಭಯವಾಗುತ್ತದೆ. ಆದರೆ ಜನಸಂಖ್ಯೆಯೂ ಬೆಳೆದಿದೆ, ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ. ಅದನ್ನು ಸರಿದೂಗಿಸಿ ನೋಡಿದರೆ ನೂರಕ್ಕೆ ಎಷ್ಟು ಎಂಬ ಪ್ರಮಾಣ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಹಿಂದೆ ಕಾಲರಾ, ಸಿಡುಬು, ಪ್ಲೇಗು ಬಂದು ಮನೆಮಂದಿಯನ್ನೇ ಒಯ್ಯುತ್ತಿದ್ದಾಗ ಮನಸ್ಸಿನ ನೋವನ್ನು ಎಣಿಸುವ ಪುರುಸೊತ್ತು ಯಾರಿಗಿತ್ತು?

ಹಾಗೆಂದು ಏನೂ ಹೆಚ್ಚಾಗಿಲ್ಲ ಎಂದು ಹೇಳುವುದೂ ಸರಿಯಲ್ಲ. ಕೋವಿಡ್ ಪಿಡುಗಿನ ಮೊದಲ ವರ್ಷದಲ್ಲೇ ಆತಂಕ ಮತ್ತು ಖಿನ್ನತೆ ಜಗತ್ತಿನಾದ್ಯಂತ ನೂರಕ್ಕೆ 25ರಷ್ಟು ಏರಿದವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ಅದೇ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ಸರ್ಕಾರದ ದಾಖಲೆ ಹೇಳುತ್ತದೆ. ಅವರೆಲ್ಲರೂ ಮಾನಸಿಕ ರೋಗಿಗಳಾಗಿದ್ದರು ಎಂದಲ್ಲ. ಸಾಲ, ಕುಡಿತ, ಮನೆಯ ಜಗಳ, ವಾಸಿಯಾಗದ ಕಾಯಿಲೆ ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಪ್ರತಿಯೊಬ್ಬರೂ ಯಾರಿಗೋ ಮಗ, ಯಾರಿಗೋ ತಾಯಿ. ಹಿಂದೆ ಒಂದು ಮನೆಯಲ್ಲಿ ಹತ್ತು ಜನರ ನಡುವೆ ಹಂಚಿಹೋಗುತ್ತಿದ್ದ ಭಾರವನ್ನು ಈಗ ಬಾಡಿಗೆ ಕೋಣೆಯಲ್ಲಿ ಒಬ್ಬ ಹುಡುಗ ಹೊರುತ್ತಿದ್ದಾನೆ. ಮಕ್ಕಳು ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇರುವ ಮನೆಗಳಲ್ಲಿ ವಯಸ್ಸಾದ ತಂದೆತಾಯಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುತ್ತಾರೆ. ಇದು ಈ ಕಾಲದ ಭಾರ. ಹಿರಿಯರ ಮಾತಿನಲ್ಲಿ ಇಷ್ಟು ಸತ್ಯವಿದೆ.

2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ರಾಷ್ಟ್ರೀಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಆಗ ಮಾನಸಿಕ ಕಾಯಿಲೆ ಇತ್ತು. ಅದಕ್ಕಿಂತ ದೊಡ್ಡ ದುಃಖದ ಸಂಗತಿ ಎಂದರೆ, ಬೇರೆ ಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಪ್ರಿಯರೇ, ಈ ಚಪ್ಪರದ ಕೆಳಗೆ ಸಾವಿರ ಮಂದಿ ವಯಸ್ಕರು ಕುಳಿತಿದ್ದರೆ, ಆ ಲೆಕ್ಕದಲ್ಲಿ ನೂರು ಮಂದಿ ಇಲ್ಲೇ ಇದ್ದಾರೆ. ನಿಮ್ಮ ಪಕ್ಕದಲ್ಲಿ ಕುಳಿತಿರಬಹುದು. ನೀವೇ ಆಗಿರಬಹುದು.

ಪ್ರಭುವಿನ ವಂಶಾವಳಿ

ಈಗ ಇಂದಿನ ಶುಭಸಂದೇಶವನ್ನು ನೋಡಿ. ಮತ್ತಾಯನು ಹೆಸರಿನ ಮೇಲೆ ಹೆಸರು ಹೇಳುತ್ತಾ ಹೋಗುವಾಗ ನಮಗೆ ಬೇಸರವಾಗುವುದುಂಟು. ಆದರೆ ಆ ಪಟ್ಟಿಯಲ್ಲಿ ಯಾರಿದ್ದಾರೆ ನೋಡಿ. ತಾಮಾರ, ರಾಹಾಬ, ಪರದೇಶದ ರೂತ, ಊರೀಯನ ಹೆಂಡತಿ. ಸಂಬಂಧ ಕುದುರಿಸುವಾಗ ನಾವು ಮುಚ್ಚಿಡುವಂಥ ಸಂಗತಿಗಳನ್ನು ಮತ್ತಾಯನು ಮೊದಲ ಪುಟದಲ್ಲೇ ಬರೆದಿದ್ದಾನೆ.

ಇನ್ನೂ ಒಂದು ಹೆಸರಿದೆ: ಉಜ್ಜೀಯ. ಈತ ಜುದೇಯದ ಅರಸ. ಕುಷ್ಠರೋಗ ಬಂದ ಕಾರಣ ಸಾಯುವವರೆಗೂ ಪ್ರತ್ಯೇಕ ಮನೆಯಲ್ಲಿ ಬದುಕಿದ. ದೇವಾಲಯಕ್ಕೂ ಬರುವಂತಿರಲಿಲ್ಲ, ರಾಜ್ಯವನ್ನು ಮಗ ನೋಡಿಕೊಂಡ. ಅಂದರೆ, ಹಿತ್ತಲ ಕೋಣೆಗೆ ಸೇರಿಸಲ್ಪಟ್ಟ ರೋಗಿಯ ಹೆಸರೂ ನಮ್ಮ ಪ್ರಭು ಯೇಸುವಿನ ವಂಶಾವಳಿಯಲ್ಲಿದೆ. ದೇವರು ತಮ್ಮ ಮಗನ ಕುಟುಂಬದ ಪಟ್ಟಿಯಿಂದ ಅವನನ್ನು ಅಳಿಸಲಿಲ್ಲ. ನಮ್ಮ ಮನೆಗಳ ಪಟ್ಟಿಯಿಂದ ನಾವು ಎಷ್ಟು ಹೆಸರುಗಳನ್ನು ಬಿಟ್ಟಿದ್ದೇವೆ? ಹಿಂದೆ ಈ ಕಾಯಿಲೆ ಇರಲಿಲ್ಲ ಎಂದು ನಮಗೆ ತೋರುವುದಕ್ಕೆ ದೊಡ್ಡ ಕಾರಣ ಇದೇ. ಅವರು ಇದ್ದರು, ನಾವು ಎಣಿಸಲಿಲ್ಲ.

ಎಣಿಸದೆ ಬಿಟ್ಟರೆ ಏನಾಗುತ್ತದೆ? 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಲಾಗಿತ್ತು. 28 ಮಂದಿ ಸುಟ್ಟು ಸತ್ತರು. ವಾಸಿಯಾಗಲೆಂದು ಕುಟುಂಬದವರೇ ಪುಣ್ಯಕ್ಷೇತ್ರಕ್ಕೆ ತಂದು ಬಿಟ್ಟಿದ್ದ ಮಕ್ಕಳು, ತಾಯಂದಿರು ಅವರು. ಬೇರೆಯವರತ್ತ ಬೆರಳು ತೋರಿಸಲು ಇದನ್ನು ಹೇಳುತ್ತಿಲ್ಲ. ಪುಣ್ಯಕ್ಷೇತ್ರಕ್ಕೆ ಕರೆತಂದು ಕೈತೊಳೆದುಕೊಳ್ಳುವ ಅಭ್ಯಾಸ ಯಾವ ಧರ್ಮದವರಿಗೂ ಹೊಸದಲ್ಲ. ಗೆರಸೇನರ ನಾಡಿನಲ್ಲಿ ಸಮಾಧಿಗಳ ನಡುವೆ ಸಂಕೋಲೆ ಹಾಕಿಸಿಕೊಂಡಿದ್ದವನನ್ನು ಯೇಸು ಬಿಡಿಸಿದ ಮೇಲೆ ಅವನಿಗೆ ಹೇಳಿದ್ದೇನು? ನಿನ್ನ ಮನೆಗೆ ಹೋಗು ಎಂದು. ಅವನಿಗೊಂದು ಮನೆ ಇದೆ ಎಂಬುದು ಪ್ರಭುವಿಗೆ ನೆನಪಿತ್ತು.

ಸಂತರ ಮನೆಯಲ್ಲೂ

ಮನಸ್ಸಿನ ಕಾಯಿಲೆ ಬಂದರೆ ಮನೆತನದ ಮರ್ಯಾದೆ ಹೋಯಿತು ಎನ್ನುವವರು ಪುಟ್ಟ ತೆರೇಸಮ್ಮನವರ ತಂದೆಯನ್ನು ನೆನೆಯಲಿ. ಲೂಯಿ ಮಾರ್ಟಿನ್ ಅವರ ಬುದ್ಧಿ ಕಾಯಿಲೆಯಿಂದ ಕದಡಿಹೋಗಿ, 1889ರಲ್ಲಿ ಅವರನ್ನು ಫ್ರಾನ್ಸಿನ ಕಾನ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಮೂರು ವರ್ಷ ಇದ್ದರು. ಹೆಣ್ಣುಮಕ್ಕಳು ಕಾನ್ವೆಂಟ್ ಸೇರಿದ್ದರಿಂದಲೇ ಹೀಗಾಯಿತು ಎಂದು ಊರವರು ಆಡಿಕೊಂಡರು. ಆ ಮಾತು ತೆರೇಸಮ್ಮನವರ ಹೃದಯವನ್ನು ಇರಿಯಿತು. ಅದೇ ಲೂಯಿ ಅವರನ್ನು ಅವರ ಪತ್ನಿ ಜೆಲಿ ಅವರೊಂದಿಗೆ 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು. ಆ ಆಸ್ಪತ್ರೆಯ ಹಾಸಿಗೆ ಅವರ ಪಾವನತೆಗೆ ಅಡ್ಡಿಯಾಗಲಿಲ್ಲ. ಪೋಪ್ ಫ್ರಾನ್ಸಿಸ್ ಅವರೂ ತಮ್ಮ 42ನೇ ವಯಸ್ಸಿನಲ್ಲಿ ಆರು ತಿಂಗಳು, ವಾರಕ್ಕೊಮ್ಮೆ, ಮನೋವಿಶ್ಲೇಷಕಿಯೊಬ್ಬರ ಬಳಿ ಹೋಗಿ ಸಲಹೆ ಪಡೆದಿದ್ದಾಗಿ ಹೇಳಿಕೊಂಡರು. ಅದು 2017ರಲ್ಲಿ ಪ್ರಕಟವಾಯಿತು. ಹಾಗಿರುವಾಗ ನಮಗೇಕೆ ನಾಚಿಕೆ?

ಇನ್ನೊಂದು ಘಟನೆ. ಸ್ಪೇನಿನ ವಲೆನ್ಸಿಯಾದಲ್ಲಿ 1409ರ ಫೆಬ್ರವರಿ 24ರಂದು ಜೊಫ್ರೆ ಎಂಬ ಧರ್ಮಗುರು ಪ್ರಬೋಧನೆ ಮಾಡಲು ಪ್ರಧಾನಾಲಯಕ್ಕೆ ಹೋಗುತ್ತಿದ್ದರು. ದಾರಿಯಲ್ಲಿ ಯುವಕರು ಒಬ್ಬ ಹುಚ್ಚನನ್ನು ಹೊಡೆದು ಗೇಲಿ ಮಾಡುತ್ತಿರುವುದನ್ನು ಕಂಡರು. ಅಂದು ಅವರು ಪೀಠ ಏರಿ ಅದನ್ನೇ ಮಾತಾಡಿದರು: ಈ ಊರಿನಲ್ಲಿ ಇವರಿಗೊಂದು ಆಸರೆ ಬೇಕು. ಕೇಳಿದ ವ್ಯಾಪಾರಿಗಳು ಮುಂದೆ ಬಂದರು. ಮರುವರ್ಷ ಮಾನಸಿಕ ರೋಗಿಗಳಿಗಾಗಿ ಆಸ್ಪತ್ರೆ ತೆರೆಯಿತು. ಅದನ್ನು ಮಾತೆ ಮರಿಯಮ್ಮನವರ ಆಶ್ರಯಕ್ಕೆ ಒಪ್ಪಿಸಿದರು. ಕೈಬಿಡಲ್ಪಟ್ಟವರ ಮಾತೆ ಎಂದು ವಲೆನ್ಸಿಯಾದ ಜನ ಇಂದಿಗೂ ಆಕೆಯನ್ನು ಕರೆಯುವುದು ಆ ಆಸ್ಪತ್ರೆಯ ಕಾಲದಿಂದ ಬೆಳೆದುಬಂದ ಭಕ್ತಿಯಿಂದ. ಆಸ್ಪತ್ರೆ ಕಟ್ಟಿದವರು ಪೀಠದ ಮೇಲಿದ್ದ ಒಬ್ಬರಲ್ಲ, ಕೆಳಗೆ ಕುಳಿತು ಕೇಳಿದ ಜನ.

ಬೆಲ್ಜಿಯಂನ ಗೀಲ್ ಪಟ್ಟಣದಲ್ಲಿ ಸಂತ ದಿಂಫ್ನಾ ಅವರ ದೇವಾಲಯಕ್ಕೆ ಮಾನಸಿಕ ರೋಗಿಗಳನ್ನು ಕರೆತರುತ್ತಿದ್ದರು. ದೇವಾಲಯದ ಆವರಣದಲ್ಲಿ ಜಾಗ ಸಾಲದಾದಾಗ ಊರವರು ಅವರನ್ನು ತಮ್ಮ ಮನೆಗಳಿಗೆ ಕರೆದೊಯ್ದರು. ಶತಮಾನಗಳಿಂದ ಇದು ನಡೆದುಬಂದಿದೆ. 1930ರ ದಶಕದ ಕೊನೆಯಲ್ಲಿ 3,500ಕ್ಕೂ ಹೆಚ್ಚು ರೋಗಿಗಳು ಅಲ್ಲಿನ ರೈತರ, ಕುಶಲಕರ್ಮಿಗಳ ಮನೆಗಳಲ್ಲಿ ಮನೆಯವರಂತೆ ಊಟ ಮಾಡಿ, ಕೈಲಾದ ಕೆಲಸ ಮಾಡಿಕೊಂಡು ಬದುಕುತ್ತಿದ್ದರು. ಈಗ ಸಂಖ್ಯೆ ಕಡಿಮೆ, ಪದ್ಧತಿ ನಿಂತಿಲ್ಲ. ನಮ್ಮಂಥ ಸಾಮಾನ್ಯ ಕುಟುಂಬಗಳು ಮಾಡಿದ ಕೆಲಸ ಅದು.

ನಾವೇನು ಮಾಡೋಣ?

ಈ ಹಬ್ಬದಿಂದ ಕೆಲವು ನಿರ್ಧಾರಗಳನ್ನು ಮನೆಗೆ ಕೊಂಡೊಯ್ಯೋಣ.

ಮೊದಲನೆಯದು, ನೊವೇನಕ್ಕಾಗಿ ಯಾರ ಮಾತ್ರೆಯನ್ನೂ ನಿಲ್ಲಿಸಬೇಡಿ. ಸಿರಾಖ ಗ್ರಂಥದ 38ನೇ ಅಧ್ಯಾಯವನ್ನು ಇಂದು ರಾತ್ರಿ ಮನೆಯಲ್ಲಿ ಓದಿ. ವೈದ್ಯರನ್ನೂ ಔಷಧಿಯನ್ನೂ ಸೃಷ್ಟಿಸಿದವರು ದೇವರೇ, ಪ್ರಾರ್ಥನೆ ಮಾಡು, ವೈದ್ಯನಿಗೂ ಎಡೆ ಕೊಡು ಎಂಬುದು ಅದರ ಬೋಧನೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಿಡು, ಪ್ರಾರ್ಥನೆ ಮಾಡು ಎಂದು ನಾವು ಹೇಳುವುದಿಲ್ಲ. ಎಲ್ಲ ನೋವನ್ನೂ ದೆವ್ವದ ಕಾಟ ಎಂದುಕೊಂಡು ಊರೂರು ಅಲೆಯುವ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ದೂರವಾಣಿಯಲ್ಲಿ ಮಾತಾಡಬೇಕೆನಿಸಿದರೆ 14416 ಸಂಖ್ಯೆಗೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಸರ್ಕಾರದ ಈ ಟೆಲಿ ಮಾನಸ್ ಸೇವೆಗೆ ಹಣ ಕೊಡಬೇಕಿಲ್ಲ.

ಎರಡನೆಯದು, ಮದುವೆಯನ್ನು ಔಷಧಿಯಾಗಿ ಬಳಸಬೇಡಿ. ಕಾಯಿಲೆಯನ್ನು ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಎರಡು ಮನೆಗಳು ಅಳುತ್ತವೆ. ಚಿಕಿತ್ಸೆ ಪಡೆಯುತ್ತಾ ಒಳ್ಳೆಯ ಸಂಸಾರ ನಡೆಸುತ್ತಿರುವವರು ಬಹಳ ಮಂದಿ ಇದ್ದಾರೆ. ಸತ್ಯ ಹೇಳಿದವರಿಗೆ ಅದು ಸಾಧ್ಯವಾಗಿದೆ.

ಮೂರನೆಯದು, ನೋಡಿಕೊಳ್ಳುವವರನ್ನು ನೋಡಿಕೊಳ್ಳಿ. ವರ್ಷಗಟ್ಟಲೆ ಮಗನನ್ನು ಕಾಯುತ್ತಿರುವ ತಾಯಿಗೆ ಒಂದು ಭಾನುವಾರ ನೆಮ್ಮದಿಯಿಂದ ಪೂಜೆಗೆ ಬರುವ ಅವಕಾಶ ಕೊಡಿ. ಆ ಒಂದು ಗಂಟೆ ಮನೆಯಲ್ಲಿ ನೀವು ಕುಳಿತುಕೊಳ್ಳಿ. ವಿನ್ಸೆಂಟ್ ದೆ ಪೌಲ್ ಸಭೆಯವರೂ ಕಿರು ಕ್ರೈಸ್ತ ಸಮುದಾಯದವರೂ ಮಾತ್ರೆಯ ಖರ್ಚಿಗೆ, ಬಸ್ ಚಾರ್ಜಿಗೆ ನೆರವಾಗಬಹುದು. ಆ ಮಗನೇ ಪೂಜೆಗೆ ಬಂದು ಮಧ್ಯೆ ಎದ್ದು ಓಡಾಡಿದರೆ ತಿರುಗಿ ನೋಡಬೇಡಿ. ಇದು ಅವನ ತಂದೆಯ ಮನೆ.

ನಾಲ್ಕನೆಯದು, ಆತ್ಮಹತ್ಯೆಯಲ್ಲಿ ಪ್ರಿಯರನ್ನು ಕಳೆದುಕೊಂಡವರ ಮನೆಗೆ ಹೋಗಿ. ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಕ್ರೈಸ್ತ ಅಂತ್ಯಕ್ರಿಯೆ ಇಲ್ಲ ಎಂದು 1917ರ ಧರ್ಮಸಭೆಯ ಕಾನೂನು ಹೇಳುತ್ತಿತ್ತು. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ತೀವ್ರ ಮಾನಸಿಕ ತೊಂದರೆಯು ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡುತ್ತದೆಂದೂ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಶವಪೆಟ್ಟಿಗೆಯ ಸುತ್ತ ಪಿಸುಗುಟ್ಟುವುದನ್ನು ನಿಲ್ಲಿಸಿ ಪ್ರಾರ್ಥಿಸೋಣ.

ಕೊನೆಯದಾಗಿ, ಇಲ್ಲಿ ಕುಳಿತು ಒಳಗೊಳಗೇ ನರಳುತ್ತಿರುವವರಿಗೆ ಒಂದು ಮಾತು. ನಿಮ್ಮ ಕಾಯಿಲೆ ನಿಮ್ಮ ಪಾಪದ ಶಿಕ್ಷೆಯಲ್ಲ. ವಿಶ್ವಾಸ ಕಡಿಮೆಯಾದದ್ದರ ಗುರುತೂ ಅಲ್ಲ. ಪ್ರಾರ್ಥಿಸಲು ಆಗದಿದ್ದರೆ ಬೇಡ, ನಿಮ್ಮ ಪರವಾಗಿ ನಾವು ಪ್ರಾರ್ಥಿಸುತ್ತೇವೆ. ಇಂದು ಮನೆಯಲ್ಲಿ ಯಾರಾದರೂ ಒಬ್ಬರಿಗೆ, ಇಲ್ಲವೇ ಪೂಜೆ ಮುಗಿದ ಮೇಲೆ ನಮ್ಮಲ್ಲಿ ಯಾರಿಗಾದರೂ, "ನನಗೆ ಆಗುತ್ತಿಲ್ಲ" ಎಂದಷ್ಟೇ ಹೇಳಿ. ಅಷ್ಟು ಸಾಕು, ಮುಂದಿನದನ್ನು ಕೂಡಿ ನೋಡೋಣ.

ಸಂಜೆ ತೇರು ಬೀದಿ ಬೀದಿಗೂ ಹೋಗುತ್ತದೆ. ಮಾತೆ ನಮ್ಮ ಬಾಗಿಲಿಗೆ ಬಂದಾಗ ಮನೆಯ ಎಲ್ಲರೂ ಹೊರಗೆ ಬರಲಿ, ಹಿತ್ತಲ ಕೋಣೆಯವರೂ ಸೇರಿ.

ಪ್ರಾರ್ಥಿಸೋಣ. ಆರೋಗ್ಯ ಮಾತೆಯೇ, ರೋಗಿಗಳ ತಾಯಿಯೇ, ದುಃಖಿತರ ಆಸರೆಯೇ, ಮನಸ್ಸು ದಣಿದ ನಿಮ್ಮ ಎಲ್ಲ ಮಕ್ಕಳನ್ನೂ ನಿಮ್ಮ ಮಡಿಲಲ್ಲಿ ಇರಿಸುತ್ತೇವೆ. ನಾವು ಮರೆತ ಹೆಸರುಗಳನ್ನು ನಿಮ್ಮ ಪುತ್ರನಿಗೆ ಹೇಳಿರಿ. ಅವರನ್ನು ಕಾಯುವವರಿಗೆ ತಾಳ್ಮೆಯನ್ನೂ, ವೈದ್ಯರಿಗೆ ವಿವೇಕವನ್ನೂ, ನಮ್ಮ ಧರ್ಮಕೇಂದ್ರಕ್ಕೆ ವಿಶಾಲ ಹೃದಯವನ್ನೂ ಬೇಡಿ ಕೊಡಿಸಿರಿ. ನಮ್ಮ ಪ್ರಭು ಕ್ರಿಸ್ತರ ಮೂಲಕ. ಆಮೆನ್.